ಕೌಂಟರ್ ಸೊನ್ನೆ ತೋರಿಸಿದರೆ ವಿಕಿರಣ ಇಲ್ಲ ಅಂತಲೇ?

ಪ್ರಶ್ನೆ: ನಾನು ಬಿ.ಎಸ್ಸಿ. ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮ ಲ್ಯಾಬಿನಲ್ಲಿ ಗೈಗರ್ ಕೌಂಟರ್ ಪ್ರಯೋಗ ಮಾಡಿದ್ದೇವೆ. ಅಮೆರಿಕದ ಮೊದಲ ಉಪಗ್ರಹ ಎಕ್ಸ್‌ಪ್ಲೋರರ್-1ರಲ್ಲೂ ಇಂಥದ್ದೇ ಕೌಂಟರ್ ಇತ್ತು, ವಿಕಿರಣ ವಿಪರೀತ ಇದ್ದ ಜಾಗದಲ್ಲೇ ಅದು ಸೊನ್ನೆ ತೋರಿಸಿತು ಅಂತ ಓದಿದೆ. ಇದು ಹೇಗೆ ಸಾಧ್ಯ ಸರ್? ಹಾಗಾದರೆ ಇವತ್ತಿನ ಉಪಗ್ರಹಗಳು ಕಳಿಸುವ ಅಂಕಿಗಳನ್ನು ನಂಬುವುದು ಹೇಗೆ? ಬಂದದ್ದು ಪ್ರೋಟಾನೋ ಎಲೆಕ್ಟ್ರಾನೋ ಅಂತ ಅಲ್ಲಿ ಹೇಗೆ ಗೊತ್ತಾಗುತ್ತದೆ? ನಾವು ಕಾಲೇಜಿನಲ್ಲಿ ಇಂಥದ್ದೇನಾದರೂ ಮಾಡಬಹುದಾ?

ಉತ್ತರ: ಮೊದಲು ಆ ಸೊನ್ನೆಯ ಕಥೆಯನ್ನೇ ನೋಡೋಣ. ನಿಮ್ಮ ಉಳಿದ ಪ್ರಶ್ನೆಗಳಿಗೂ ದಾರಿ ಅಲ್ಲಿಂದಲೇ ಸಿಗುತ್ತದೆ.

ಎಕ್ಸ್‌ಪ್ಲೋರರ್-1 ಹಾರಿದ್ದು 1958ರ ಜನವರಿ 31ರ ರಾತ್ರಿ. ಅಯೋವಾ ವಿಶ್ವವಿದ್ಯಾಲಯದ ಜೇಮ್ಸ್ ವಾನ್ ಅಲೆನ್ ತಂಡ ಅದರೊಳಗೆ ಇಟ್ಟಿದ್ದು ಒಂದೇ ಒಂದು ಗೈಗರ್ ಟ್ಯೂಬ್. ಕಾಸ್ಮಿಕ್ ಕಿರಣಗಳನ್ನು, ಅಂದರೆ ಬಾಹ್ಯಾಕಾಶದಿಂದ ಜೋರಾಗಿ ನುಗ್ಗಿ ಬರುವ ಕಣಗಳನ್ನು, ಎಣಿಸುವುದು ಅದರ ಕೆಲಸ. ಉಪಗ್ರಹದ ಹಾದಿ ಮೊಟ್ಟೆಯಾಕಾರದ್ದು. ಹತ್ತಿರ ಬಂದಾಗ ನೆಲದಿಂದ ಸುಮಾರು 360 ಕಿ.ಮೀ., ದೂರ ಹೋದಾಗ 2,500 ಕಿ.ಮೀ. ದಾಟುತ್ತಿತ್ತು. ಕೆಳಗಿದ್ದಾಗ ಎಣಿಕೆ ಅವರು ಅಂದುಕೊಂಡ ಹಾಗೆಯೇ ಬಂತು, ಸೆಕೆಂಡಿಗೆ ಸುಮಾರು 30. ಮೇಲೆ ಹೋದಾಗ ಮಾತ್ರ ಎಷ್ಟೋ ಸಲ ಸೊನ್ನೆ.

ಟ್ಯೂಬ್ ಕೆಟ್ಟಿತು ಅನ್ನೋಣ ಅಂದರೆ ಉಪಗ್ರಹ ಕೆಳಗೆ ಬಂದ ಕೂಡಲೇ ಅದು ಮತ್ತೆ ಸರಿಯಾಗಿ ಎಣಿಸುತ್ತಿತ್ತು. ಇನ್ನೊಂದು ತೊಂದರೆಯೂ ಇತ್ತು. ಎಕ್ಸ್‌ಪ್ಲೋರರ್-1ರಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಕೆಳಗಿನ ಯಾವುದಾದರೂ ಕೇಂದ್ರಕ್ಕೆ ಅದರ ರೇಡಿಯೋ ದನಿ ಕೇಳಿಸಿದಷ್ಟು ಹೊತ್ತು ಮಾತ್ರ ಮಾಹಿತಿ. ಕಥೆ ತುಂಡು ತುಂಡಾಗಿ ಸಿಗುತ್ತಿತ್ತು.

ಮಾರ್ಚ್ 26ರಂದು ಎಕ್ಸ್‌ಪ್ಲೋರರ್-3 ಹಾರಿತು. ಅದರಲ್ಲಿ ಜಾರ್ಜ್ ಲುಡ್ವಿಗ್ ಎಂಬ ವಿದ್ಯಾರ್ಥಿ ತಯಾರಿಸಿದ ಪುಟ್ಟ ಟೇಪ್ ರೆಕಾರ್ಡರ್ ಇತ್ತು. ಒಂದು ಸುತ್ತಿನ ಪೂರ್ತಿ ಎಣಿಕೆಯನ್ನು ತುಂಬಿಸಿಕೊಂಡು, ಕೇಂದ್ರದ ಮೇಲೆ ಬಂದಾಗ ಕೆಲವೇ ಸೆಕೆಂಡುಗಳಲ್ಲಿ ಒಪ್ಪಿಸುತ್ತಿತ್ತು. ವಾನ್ ಅಲೆನ್ ಆ ಅಂಕಿಗಳನ್ನು ವಾಷಿಂಗ್ಟನ್‌ನ ಹೋಟೆಲ್ ಕೋಣೆಯಲ್ಲಿ ಕೂತು ಗ್ರಾಫ್ ಹಾಳೆಯ ಮೇಲೆ ಒಂದೊಂದೇ ಚುಕ್ಕಿಯಾಗಿ ಇಟ್ಟರು. ಆಗ ಪೂರ್ತಿ ಚಿತ್ರ ಕಂಡಿತು. ಎಣಿಕೆ ಏರುತ್ತದೆ, ಇನ್ನೂ ಏರುತ್ತದೆ, ಥಟ್ಟನೆ ಸೊನ್ನೆಗೆ ಬೀಳುತ್ತದೆ, ಕೆಲವು ನಿಮಿಷ ಸೊನ್ನೆಯಲ್ಲೇ ಇರುತ್ತದೆ. ಆಮೇಲೆ ಮತ್ತೆ ಮೇಲೆದ್ದು ನಿಧಾನವಾಗಿ ಮಾಮೂಲಿಗೆ ಇಳಿಯುತ್ತದೆ. ಸೊನ್ನೆಯ ಎರಡೂ ಬದಿಗೆ ಏರು. ಗುಟ್ಟು ಬಿಚ್ಚಿದ್ದು ಇದೇ ಏರು.

ಅದೇ ತಂಡದ ಕಾರ್ಲ್ ಮೆಕಿಲ್ವೇನ್ ಲ್ಯಾಬಿನಲ್ಲಿ ಉಳಿದಿದ್ದ ಅಂಥದ್ದೇ ಟ್ಯೂಬನ್ನು ಎಕ್ಸ್-ರೇ ಯಂತ್ರದ ಮುಂದೆ ಇಟ್ಟು ನೋಡಿದರು. ಕಿರಣ ಜಾಸ್ತಿ ಮಾಡಿದ ಹಾಗೆ ಎಣಿಕೆಯೂ ಜಾಸ್ತಿಯಾಯಿತು. ಒಂದು ಹಂತ ದಾಟಿದ ಮೇಲೆ ಕಡಿಮೆಯಾಗುತ್ತಾ ಬಂದು ಸೊನ್ನೆಗೆ ನಿಂತಿತು. ಅಂದರೆ ಮೇಲೆ ಬಂದ ಸೊನ್ನೆಯ ಅರ್ಥ ‘ಏನೂ ಇಲ್ಲ’ ಅಂತ ಅಲ್ಲ, ‘ಎಣಿಸಲಾಗದಷ್ಟು ಇದೆ’ ಅಂತ. 1958ರ ಮೇ 1ರಂದು ವಾನ್ ಅಲೆನ್ ಇದನ್ನು ಲೋಕಕ್ಕೆ ಹೇಳಿದರು. ಭೂಮಿಯ ಕಾಂತಕ್ಷೇತ್ರ ಹಿಡಿದಿಟ್ಟುಕೊಂಡ ಕಣಗಳ ಆ ಪಟ್ಟಿಗೆ ಇವತ್ತು ಅವರದೇ ಹೆಸರಿದೆ. ನಿಜ ಹೇಳಬೇಕೆಂದರೆ, ಅದಕ್ಕೂ ಮೊದಲು 1957ರ ನವೆಂಬರಿನಲ್ಲಿ ಹಾರಿದ ಸ್ಪುಟ್ನಿಕ್-2ರಲ್ಲಿ ರಷ್ಯಾದ ಸೆರ್ಗೆಯ್ ವೆರ್ನೋವ್ ಅವರ ಕೌಂಟರ್ ಇತ್ತು. ಆದರೆ ಆ ಉಪಗ್ರಹದ ಮಾಹಿತಿ ಅವರಿಗೆ ಸಿಕ್ಕಿದ್ದು ಸೋವಿಯತ್ ನೆಲದ ಮೇಲೆ, ಅದು ತಗ್ಗಿನಲ್ಲಿ ಹಾರುವ ಕಡೆ. ದೂರ ಹೋದಾಗಿನ ಪೂರ್ತಿ ಚಿತ್ರ ಅವರ ಕೈಗೆ ಬರಲಿಲ್ಲ.

ಈಗ, ಟ್ಯೂಬ್ ಯಾಕೆ ಹಾಗೆ ಮಾಡಿತು? ನೀವು ಲ್ಯಾಬಿನಲ್ಲಿ ನೋಡಿರುವುದೇ. ಟ್ಯೂಬಿನೊಳಗೆ ಅನಿಲ, ನಡುವೆ ತಂತಿ, ತಂತಿಗೆ ನೂರಾರು ವೋಲ್ಟ್. ಒಂದು ಕಣ ಒಳಗೆ ಬಂದರೆ ಎಲೆಕ್ಟ್ರಾನ್‌ಗಳ ಹಿಮಕುಸಿತವೇ ಶುರುವಾಗಿ ಒಂದು ದೊಡ್ಡ ಪಲ್ಸ್ ಬರುತ್ತದೆ. ಆದರೆ ಅದಾದ ಮೇಲೆ ತಂತಿಯ ಸುತ್ತ ಧನ ಅಯಾನುಗಳ ಮೋಡ ಉಳಿಯುತ್ತದೆ. ಅದು ದೂರ ಸರಿಯುವ ತನಕ ತಂತಿಯ ಬಳಿ ಕ್ಷೇತ್ರ ದುರ್ಬಲ. ಆ ಹೊತ್ತಿನಲ್ಲಿ ಇನ್ನೊಂದು ಕಣ ಬಂದರೆ ಪಲ್ಸ್ ಸಣ್ಣದಾಗುತ್ತದೆ. ಮೇಲಿಂದ ಮೇಲೆ ಕಣಗಳು ಬರುತ್ತಲೇ ಇದ್ದರೆ ಮೋಡ ಸರಿಯಲು ಬಿಡುವೇ ಸಿಗುವುದಿಲ್ಲ. ಎಲ್ಲ ಪಲ್ಸುಗಳೂ ಸಣ್ಣವೇ. ಇಂತಿಷ್ಟು ಎತ್ತರದ ಪಲ್ಸ್ ಬಂದರೆ ಮಾತ್ರ ಎಣಿಸು ಅಂತ ಸರ್ಕ್ಯೂಟಿಗೆ ಹೇಳಿಟ್ಟಿರುತ್ತೇವೆ. ಅಷ್ಟು ಎತ್ತರದ್ದು ಒಂದೂ ಬರದಿದ್ದರೆ ಅದು ಪ್ರಾಮಾಣಿಕವಾಗಿ ಸೊನ್ನೆ ಅನ್ನುತ್ತದೆ.

ಜಾತ್ರೆ ದಿನದ ಬಸ್ಸನ್ನು ನೆನಪಿಸಿಕೊಳ್ಳಿ. ಎಷ್ಟು ರಶ್ ಅಂದರೆ ಕಂಡಕ್ಟರಿಗೆ ಕೈಯನ್ನು ಬ್ಯಾಗಿನೊಳಗೆ ಹಾಕಲೂ ಆಗುತ್ತಿಲ್ಲ. ಬಸ್ಸು ತುಂಬಿ ತುಳುಕುತ್ತಿದೆ, ಹರಿದ ಟಿಕೆಟ್ ಮಾತ್ರ ಒಂದೂ ಇಲ್ಲ. ಡಿಪೋದಲ್ಲಿ ಕೂತು ಬರೀ ಟಿಕೆಟ್ ಲೆಕ್ಕ ನೋಡುವವರಿಗೆ ಆ ಬಸ್ಸು ಖಾಲಿ!

ನಿಮ್ಮ ಲ್ಯಾಬ್ ರೆಕಾರ್ಡಿನಲ್ಲಿ ‘ಡೆಡ್ ಟೈಮ್’ ಪ್ರಯೋಗ ಇರುತ್ತದೆ, ಅಲ್ವಾ? ಪ್ರತಿ ಕಣದ ನಂತರ ಟ್ಯೂಬ್ 100 ಮೈಕ್ರೋಸೆಕೆಂಡ್ ಕುರುಡಾಗುತ್ತದೆ ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 1,000 ಎಣಿಕೆ ಬಂದರೆ ಅದು ಒಟ್ಟು 0.1 ಸೆಕೆಂಡ್ ಕುರುಡಾಗಿತ್ತು, 0.9 ಸೆಕೆಂಡ್ ಮಾತ್ರ ಕಣ್ಣು ಬಿಟ್ಟಿತ್ತು. ಹಾಗಾಗಿ ನಿಜವಾದ ಎಣಿಕೆ ಸುಮಾರು 1,111. ಇಲ್ಲಿಯವರೆಗೆ ಲೆಕ್ಕ ಸಲೀಸು. ಆದರೆ ಟ್ಯೂಬ್ ಉಸಿರು ಕಟ್ಟುವ ಹಂತಕ್ಕೆ ಬಂದರೆ ಈ ಸೂತ್ರ ಕೈಕೊಡುತ್ತದೆ. ಆಗ ಒಂದೇ ಎಣಿಕೆಗೆ ಎರಡು ಉತ್ತರ. ‘ಸೆಕೆಂಡಿಗೆ 30’ ಅಂದರೆ ನಿಜಕ್ಕೂ 30 ಇರಬಹುದು, ಅಥವಾ ಹತ್ತಾರು ಸಾವಿರವೂ ಇರಬಹುದು. ಒಂದೇ ಡಿಟೆಕ್ಟರ್ ಇಟ್ಟುಕೊಂಡು ಈ ಎರಡರಲ್ಲಿ ಯಾವುದು ಅಂತ ಹೇಳಲಾಗದು. ಅದಕ್ಕೇ 1958ರ ಜುಲೈನಲ್ಲಿ ಹಾರಿದ ಎಕ್ಸ್‌ಪ್ಲೋರರ್-4ರಲ್ಲಿ ನಾಲ್ಕು ಡಿಟೆಕ್ಟರ್ ಇಟ್ಟರು. ಎರಡು ಗೈಗರ್ ಟ್ಯೂಬ್, ಅದರಲ್ಲಿ ಒಂದಕ್ಕೆ ಸೀಸದ ಹೊದಿಕೆ, ಜೊತೆಗೆ ಎರಡು ಸಿಂಟಿಲೇಟರ್, ಅಂದರೆ ಕಣ ತಾಗಿದರೆ ಮಿನುಗುವ ವಸ್ತುವಿನ ಡಿಟೆಕ್ಟರ್. ಒಂದು ಕಣ್ಣು ಕಟ್ಟಿದರೂ ಇನ್ನೊಂದು ನೋಡುತ್ತಿರಲಿ ಅಂತ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ, ಕಣದ ಗುರುತು ಹಿಡಿಯುವುದು. ಗೈಗರ್ ಟ್ಯೂಬಿಗೆ ಇದು ಆಗದ ಕೆಲಸ. ಅದಕ್ಕೆ ಪ್ರೋಟಾನ್ ಬಂದರೂ ಎಲೆಕ್ಟ್ರಾನ್ ಬಂದರೂ ಒಂದೇ ಅಳತೆಯ ಪಲ್ಸ್. ಇವತ್ತು ಹೆಚ್ಚಿನ ಉಪಗ್ರಹಗಳಲ್ಲಿ ಇರುವುದು ಸಿಲಿಕಾನ್ ಡಿಟೆಕ್ಟರ್. ನೋಡಲು ಹೊಳೆಯುವ ತೆಳ್ಳನೆಯ ಬಿಲ್ಲೆ. ಎಷ್ಟೋ ಸಲ ಅದರ ದಪ್ಪ ಬರೀ 0.3 ಮಿ.ಮೀ. ಕಣ ಅದರೊಳಗೆ ಹಾಯುವಾಗ ಸ್ವಲ್ಪ ಶಕ್ತಿ ಬಿಟ್ಟು ಹೋಗುತ್ತದೆ. ಕಣಗಳ ಶಕ್ತಿಯನ್ನು ನಾವು ಎಲೆಕ್ಟ್ರಾನ್ ವೋಲ್ಟ್ ಎಂಬ ಪುಟ್ಟ ಅಳತೆಯಲ್ಲಿ ಹೇಳುತ್ತೇವೆ. ಪ್ರತಿ 3.6 ಎಲೆಕ್ಟ್ರಾನ್ ವೋಲ್ಟಿಗೆ ಒಂದು ಜೋಡಿ ವಿದ್ಯುತ್ ಕಣ ಹುಟ್ಟುತ್ತದೆ. ಹತ್ತು ಲಕ್ಷ ಎಲೆಕ್ಟ್ರಾನ್ ವೋಲ್ಟ್, ಅಂದರೆ 1 ಎಂ.ಇ.ವಿ. ಶಕ್ತಿ ಬಿಟ್ಟರೆ ಸುಮಾರು 2.8 ಲಕ್ಷ ಜೋಡಿ. ಅವನ್ನೆಲ್ಲ ಒಟ್ಟುಗೂಡಿಸಿದ ಪಲ್ಸಿನ ಎತ್ತರ ಅಳೆದರೆ ಎಷ್ಟು ಶಕ್ತಿ ಬಿತ್ತು ಅಂತ ಗೊತ್ತಾಗುತ್ತದೆ.

ಆದರೆ ಇಷ್ಟೇ ಸಾಲದು. ಒಂದು ಬಿಲ್ಲೆ ‘ಇಷ್ಟು ಶಕ್ತಿ ಬಿತ್ತು’ ಅನ್ನುತ್ತದೆ, ‘ಬಿಟ್ಟವರು ಯಾರು’ ಅನ್ನುವುದಿಲ್ಲ. ಹಾಗಾಗಿ ಬಿಲ್ಲೆಗಳನ್ನು ಹಪ್ಪಳದ ಹಾಗೆ ಒಂದರ ಹಿಂದೆ ಒಂದು ಜೋಡಿಸುತ್ತೇವೆ. ಇದಕ್ಕೆ ನಮ್ಮವರು ‘ಟೆಲಿಸ್ಕೋಪ್’ ಅಂತಲೇ ಕರೆಯುತ್ತಾರೆ, ಲೆನ್ಸ್ ಒಂದೂ ಇರದಿದ್ದರೂ. ಮೊದಲ ತೆಳು ಬಿಲ್ಲೆಯಲ್ಲಿ ಎಷ್ಟು ಬಿಟ್ಟಿತು, ಹಿಂದಿನ ದಪ್ಪ ಬಿಲ್ಲೆಗಳಲ್ಲಿ ಎಷ್ಟು ಬಿಟ್ಟಿತು, ಎಲ್ಲಿ ನಿಂತಿತು ಅಂತ ನೋಡಿದರೆ ಕಣದ ಜಾತಕ ಸಿಕ್ಕ ಹಾಗೆ. ಉದಾಹರಣೆಗೆ 6 ಎಂ.ಇ.ವಿ. ಪ್ರೋಟಾನ್ 0.3 ಮಿ.ಮೀ. ಸಿಲಿಕಾನ್‌ನಲ್ಲಿ ಹೆಚ್ಚುಕಡಿಮೆ ಅಲ್ಲೇ ನಿಲ್ಲುತ್ತದೆ, ಇದ್ದದ್ದನ್ನೆಲ್ಲ ಅಲ್ಲೇ ಸುರಿಯುತ್ತದೆ. ಅದಕ್ಕಿಂತ ಎಷ್ಟೋ ಕಡಿಮೆ ಶಕ್ತಿಯ 1 ಎಂ.ಇ.ವಿ. ಎಲೆಕ್ಟ್ರಾನ್ ಒಂದಿಷ್ಟು ಚೂರು ಬಿಟ್ಟು ಆಚೆ ದಾಟುತ್ತದೆ. ಭಾರದ ಕಣಗಳು ಬಿಡುವ ಗುರುತು ಇನ್ನೂ ಗಾಢ. ಒಂದೇ ವೇಗದಲ್ಲಿ ಹೋಗುವಾಗ ಬಿಡುವ ಶಕ್ತಿ ವಿದ್ಯುದಾವೇಶದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕಬ್ಬಿಣದ ನ್ಯೂಕ್ಲಿಯಸ್ಸಿನ ಆವೇಶ 26. ಹಾಗಾಗಿ ಪ್ರೋಟಾನಿಗಿಂತ 676 ಪಟ್ಟು ಶಕ್ತಿ ಬಿಟ್ಟು ಹೋಗುತ್ತದೆ. ಸಂಖ್ಯೆಯಲ್ಲಿ ಕಡಿಮೆ ಇದ್ದರೂ ಗಗನಯಾತ್ರಿಗಳ ಆರೋಗ್ಯದ ಲೆಕ್ಕದಲ್ಲಿ ಕಬ್ಬಿಣಕ್ಕೆ ಅಷ್ಟು ತೂಕ ಯಾಕೆ ಅಂತ ಇದರಿಂದ ಗೊತ್ತಾಗುತ್ತದೆ.

ನಮ್ಮ ದೇಶದವರು ಇದನ್ನು ಬೇರೆ ರೀತಿಯಲ್ಲೂ ಮಾಡಿದ್ದಾರೆ. 1985ರಲ್ಲಿ ಚಾಲೆಂಜರ್ ನೌಕೆಯ ಸ್ಪೇಸ್‌ಲ್ಯಾಬ್-3ರಲ್ಲಿ ಹೋದ ‘ಅನುರಾಧ’ ಪ್ರಯೋಗದಲ್ಲಿ ಬಳಸಿದ್ದು ಪ್ಲಾಸ್ಟಿಕ್ ಹಾಳೆಗಳನ್ನು. ಭಾರದ ಕಣ ಹಾಯ್ದರೆ ಪ್ಲಾಸ್ಟಿಕ್‌ನಲ್ಲಿ ಕಣ್ಣಿಗೆ ಕಾಣದ ಗಾಯ ಉಳಿಯುತ್ತದೆ. ವಾಪಸ್ ತಂದು ರಾಸಾಯನಿಕದಲ್ಲಿ ನೆನೆಸಿದರೆ ಆ ಗಾಯ ಅಗಲವಾಗಿ ಮೈಕ್ರೋಸ್ಕೋಪಿನಲ್ಲಿ ಗುಂಡಿಯಾಗಿ ಕಾಣುತ್ತದೆ. ಆದರೆ ಕಣ ಯಾವ ಹೊತ್ತಿಗೆ ಬಂತು ಅಂತ ಪ್ಲಾಸ್ಟಿಕ್ ಹೇಗೆ ಹೇಳಬೇಕು? ಅದಕ್ಕೆ ಮೇಲಿನ ಹಾಳೆಗಳನ್ನು ಅಲುಗದಂತೆ ಇಟ್ಟು, ಕೆಳಗಿನವು ಗಡಿಯಾರದ ಮುಳ್ಳಿನಂತೆ ನಿಧಾನವಾಗಿ ತಿರುಗುವ ಹಾಗೆ ಮಾಡಿದರು. ಮೇಲಿನ ಗುಂಡಿಗೂ ಕೆಳಗಿನ ಗುಂಡಿಗೂ ನಡುವಿನ ಕೋನ ಅಳೆದರೆ ಸಮಯ ಸಿಗುತ್ತದೆ. ಈ ಉಪಾಯ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ.

ಬೆಂಗಳೂರಿಗೂ ಈ ವಿಷಯಕ್ಕೂ ನಂಟು ಹಳೆಯದು. 1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟ ತಯಾರಾಗಿದ್ದು ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ. ಅದರ ಮೂರು ಪ್ರಯೋಗಗಳಲ್ಲಿ ಒಂದು ಸೂರ್ಯನಿಂದ ಬರುವ ನ್ಯೂಟ್ರಾನ್ ಮತ್ತು ಗಾಮಾ ಕಿರಣಗಳನ್ನು ಹುಡುಕುವುದು. ಕೆಲವೇ ದಿನಗಳಲ್ಲಿ ಪ್ರಯೋಗಗಳಿಗೆ ಹೋಗುವ ವಿದ್ಯುತ್ತಿನಲ್ಲಿ ತೊಂದರೆಯಾಗಿ ಅವು ನಿಂತವು. ಉಪಗ್ರಹ ಮಾತ್ರ ಆಮೇಲೂ ಕೆಲಸ ಮಾಡಿತು. ಮೇಲೆ ಹೋದ ಮೇಲೆ ಸ್ಕ್ರೂಡ್ರೈವರ್ ಹಿಡಿದು ಹೋಗುವವರು ಯಾರೂ ಇಲ್ಲ. ನಮ್ಮ ಕೆಲಸದ ಮುಕ್ಕಾಲು ಪಾಲು ನೆಲದ ಮೇಲೇ ಮುಗಿಯಬೇಕು.

2008ರ ಅಕ್ಟೋಬರ್ 22ರಂದು ಹೊರಟ ಚಂದ್ರಯಾನ-1ರಲ್ಲಿ ಬಲ್ಗೇರಿಯಾದವರು ಮಾಡಿದ ‘ರಾಡಮ್’ ಎಂಬ ಪುಟ್ಟ ಉಪಕರಣ ಇತ್ತು. ತೂಕ ಇನ್ನೂರು ಗ್ರಾಂಗೂ ಕಡಿಮೆ. ಒಳಗೆ 2 ಚದರ ಸೆಂ.ಮೀ. ಅಗಲದ, 0.3 ಮಿ.ಮೀ. ದಪ್ಪದ ಒಂದೇ ಸಿಲಿಕಾನ್ ಬಿಲ್ಲೆ. ಹಾರಿದ ಎರಡು ಗಂಟೆಯೊಳಗೆ ಅದನ್ನು ಚಾಲೂ ಮಾಡಿದರು. ಅದು ಅಳೆದದ್ದು ಡೋಸ್. ಲೆಕ್ಕ ಸುಲಭ: ಒಂದು ಗಂಟೆಯಲ್ಲಿ ಬಿಲ್ಲೆಯಲ್ಲಿ ಬಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಬಿಲ್ಲೆಯ ತೂಕದಿಂದ ಭಾಗಿಸಿ. ಸಿಲಿಕಾನ್ ಸಾಂದ್ರತೆ 2.33 ಅಂತ ಹಾಕಿ ನೋಡಿ, ಬಿಲ್ಲೆಯ ತೂಕ ಬರೀ 0.14 ಗ್ರಾಂ. ಒಂದು ಕಿಲೋಗೆ ಒಂದು ಜೂಲ್ ಬಿದ್ದರೆ ಅದು ಒಂದು ಗ್ರೇ. ಚಂದ್ರನಿಂದ 100 ಕಿ.ಮೀ. ಎತ್ತರದಲ್ಲಿ ಸುತ್ತುವಾಗ ರಾಡಮ್‌ಗೆ ಸಿಕ್ಕಿದ್ದು ಗಂಟೆಗೆ ಸುಮಾರು 9.5 ಮೈಕ್ರೋಗ್ರೇ. ಅದೇ ಬಿಲ್ಲೆ ಭೂಮಿಯ ವಿಕಿರಣ ಪಟ್ಟಿಗಳನ್ನು ದಾಟುವಾಗ ಕಂಡದ್ದು ಗಂಟೆಗೆ ಹತ್ತು ಸಾವಿರ ಮೈಕ್ರೋಗ್ರೇಗೂ ಮೀರಿದ ಡೋಸ್. ಸಾವಿರ ಪಟ್ಟಿಗೂ ಜಾಸ್ತಿ ವ್ಯತ್ಯಾಸ. ಎರಡನ್ನೂ ಒಂದೇ ಉಪಕರಣ ಅಳೆಯಬೇಕು, ಎಕ್ಸ್‌ಪ್ಲೋರರ್ ಟ್ಯೂಬಿನ ಹಾಗೆ ಉಸಿರು ಕಟ್ಟಬಾರದು.

ಗ್ರೇ ಅಂದರೆ ಬಿದ್ದ ಶಕ್ತಿ ಅಷ್ಟೇ, ಮೈಗೆ ಎಷ್ಟು ಹಾನಿ ಅಂತ ಅಲ್ಲ. ಕಣದ ಜಾತಿ ನೋಡಿ ತೂಕ ಕೊಟ್ಟು ಗುಣಿಸಿದರೆ ಸೀವರ್ಟ್ ಸಿಗುತ್ತದೆ. ಮಂಗಳಕ್ಕೆ ಹೋದ ಕ್ಯೂರಿಯಾಸಿಟಿ ರೋವರಿನಲ್ಲಿದ್ದ ಡಿಟೆಕ್ಟರ್ ದಾರಿಯುದ್ದಕ್ಕೂ ಅಳೆದದ್ದು ದಿನಕ್ಕೆ ಸರಾಸರಿ 1.84 ಮಿಲಿಸೀವರ್ಟ್. ನಮಗೆ ಭೂಮಿಯ ಮೇಲೆ ಸಹಜವಾಗಿ ಸಿಗುವುದು ವರ್ಷಕ್ಕೆ ಸರಾಸರಿ 2.4. ಅಂದರೆ ನಮ್ಮ ಒಂದು ವರ್ಷದ ಪಾಲು ಅಲ್ಲಿ ಒಂದೂವರೆ ದಿನದೊಳಗೆ ಮುಗಿಯುತ್ತದೆ.

2015ರ ಆಸ್ಟ್ರೋಸ್ಯಾಟ್‌ನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಅದು ನಕ್ಷತ್ರಗಳನ್ನು ನೋಡುವ ಉಪಗ್ರಹ, ವಿಕಿರಣ ಅದಕ್ಕೆ ಕಾಟ. ಭೂಮಿಯ ಕಾಂತಕ್ಷೇತ್ರದ ನಡುಬಿಂದು ಭೂಮಿಯ ನಡುಬಿಂದುವಿನಲ್ಲಿಲ್ಲ, ಒಂದಿಷ್ಟು ಪಕ್ಕಕ್ಕೆ ಸರಿದಿದೆ. ಅದರಿಂದಾಗಿ ಬ್ರೆಜಿಲ್ ಮತ್ತು ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಭೂಮಿಯ ಎರಡು ವಿಕಿರಣ ಪಟ್ಟಿಗಳಲ್ಲಿ ಒಳಗಿನದು ಕೆಳಕ್ಕೆ ಜೋತುಬಿದ್ದಿದೆ. ಆಸ್ಟ್ರೋಸ್ಯಾಟ್ 650 ಕಿ.ಮೀ. ಎತ್ತರದಲ್ಲಿ, ಭೂಮಧ್ಯರೇಖೆಗೆ ಬರೀ 6 ಡಿಗ್ರಿ ವಾಲಿದ ಹಾದಿಯಲ್ಲಿ ಸುತ್ತುತ್ತದೆ. ಆ ಕಡಿಮೆ ವಾಲು ಬೇಕೆಂದೇ ಆರಿಸಿದ್ದು. ಜೋತುಬಿದ್ದ ಭಾಗದ ಅಂಚು ಮಾತ್ರ ತಾಗುತ್ತದೆ, ಹೊಟ್ಟೆಯೊಳಗೆ ನುಗ್ಗುವುದಿಲ್ಲ. ಅಂಚು ಬಂತು ಅಂತ ಹೇಳುವುದಕ್ಕೆ ಅದರಲ್ಲಿ ಒಬ್ಬ ಕಾವಲುಗಾರ ಇದ್ದಾನೆ: ಒಂದು ಸೆಂ.ಮೀ. ಉದ್ದಗಲದ ಸೀಸಿಯಂ ಅಯೋಡೈಡ್ ಹರಳು, ಕಲ್ಲುಸಕ್ಕರೆ ತುಂಡಿನಷ್ಟು. ಕಣ ತಾಗಿದರೆ ಹರಳು ಮಿನುಗುತ್ತದೆ, ಹಿಂದಿರುವ ಫೋಟೋಡಯೋಡ್ ಆ ಬೆಳಕನ್ನು ಹಿಡಿಯುತ್ತದೆ. ಮುಂದೆ 25 ಮೈಕ್ರಾನ್ ದಪ್ಪದ ಕ್ಯಾಪ್ಟಾನ್ ಹಾಳೆ. ಉಪಗ್ರಹದ ಫೋಟೋಗಳಲ್ಲಿ ಚಿನ್ನದ ಬಣ್ಣದ ಹೊದಿಕೆ ನೋಡಿರುತ್ತೀರಲ್ಲ, ಅದೇ ವಸ್ತು. ಎಣಿಕೆ ಇಟ್ಟ ಮಿತಿ ದಾಟಿದರೆ ಉಳಿದ ಉಪಕರಣಗಳು ತಮ್ಮನ್ನು ಕಾಪಾಡಿಕೊಳ್ಳಬೇಕು. ಕಲ್ಲುಸಕ್ಕರೆಯಷ್ಟು ಹರಳು ಒಂದೂವರೆ ಟನ್ ಉಪಗ್ರಹಕ್ಕೆ ‘ಹುಷಾರು’ ಅನ್ನುತ್ತದೆ.

ಈಗ ನಂಬಿಕೆಯ ಮಾತು. ನಿಮ್ಮ ಪ್ರಶ್ನೆಗಳಲ್ಲಿ ನನಗೆ ಮುಖ್ಯ ಅನಿಸಿದ್ದು ಇದೇ. ಡಿಟೆಕ್ಟರ್ ಸುಳ್ಳು ಹೇಳುವುದಿಲ್ಲ, ಆದರೆ ನಾವು ಕೇಳಿದ ಪ್ರಶ್ನೆಗೇ ಅದು ಉತ್ತರಿಸುತ್ತಿದೆ ಅಂತ ಖಾತ್ರಿಯಿಲ್ಲ. ಎಲ್ಲೆಲ್ಲಿ ಮೋಸ ಹೋಗಬಹುದು ಅಂತ ಮೊದಲೇ ಪಟ್ಟಿ ಮಾಡಿ ಒಂದೊಂದನ್ನೇ ಮುಚ್ಚುತ್ತಾ ಬರಬೇಕು.

ನಾನು ಈ ಕೆಲಸಕ್ಕೆ ಹೊಸಬನಾಗಿದ್ದಾಗ ನಡೆದದ್ದು. ಸಿಲಿಕಾನ್ ಬಿಲ್ಲೆಯೊಂದನ್ನು ಗಾಳಿ ತೆಗೆದ ಚೇಂಬರಿನಲ್ಲಿಟ್ಟು, ಅಮೆರಿಸಿಯಂ-241 ಎಂಬ ವಿಕಿರಣಶೀಲ ವಸ್ತುವಿನ ಆಲ್ಫಾ ಕಣಗಳಿಂದ ಪರೀಕ್ಷೆ ಮಾಡುತ್ತಿದ್ದೆವು. ಗಾಳಿ ಯಾಕೆ ತೆಗೆಯಬೇಕು ಅಂದರೆ 5.5 ಎಂ.ಇ.ವಿ.ಯ ಆ ಆಲ್ಫಾ ಒಂದೇ ಸೆಂ.ಮೀ. ಗಾಳಿಯಲ್ಲಿ ಸುಮಾರು 1 ಎಂ.ಇ.ವಿ. ಕಳೆದುಕೊಳ್ಳುತ್ತದೆ. ಬೆಳಗ್ಗೆ ಎಲ್ಲ ಸರಿ. ಮಧ್ಯಾಹ್ನ ಮೂರರ ಹೊತ್ತಿಗೆ ಸಣ್ಣ ಪಲ್ಸುಗಳ ಸಂತೆ. ಸಂಜೆ ಮತ್ತೆ ಸರಿ. ಮೂರು ದಿನ ಇದೇ ಆಟ. ಬಿಸಿಲಿಗೆ ಕೋಣೆ ಕಾಯುತ್ತದೆ, ಬಿಲ್ಲೆಯೂ ಕಾಯುತ್ತದೆ ಅಂದುಕೊಂಡೆವು. ಸಿಲಿಕಾನ್‌ನಲ್ಲಿ ಸೋರುವ ಕರೆಂಟು ಪ್ರತಿ 7–8 ಡಿಗ್ರಿಗೆ ಎರಡು ಪಟ್ಟಾಗುತ್ತದೆ, ಆ ಅನುಮಾನ ತಪ್ಪೇನಲ್ಲ. ಎ.ಸಿ. ಜೋರು ಮಾಡಿದರೂ ಬದಲಾಗಲಿಲ್ಲ. ನಾಲ್ಕನೆಯ ದಿನ ಹಿರಿಯ ಟೆಕ್ನಿಷಿಯನ್ ಒಬ್ಬರು ಬಂದು, ಏನೂ ಮಾತಾಡದೆ, ಚೇಂಬರಿನ ಗಾಜಿನ ಕಿಂಡಿಯ ಮೇಲೆ ಕಪ್ಪು ಬಟ್ಟೆ ಹೊದಿಸಿದರು. ಎಣಿಕೆ ಧಡ್ ಅಂತ ಇಳಿಯಿತು. ಮಧ್ಯಾಹ್ನದ ಬಿಸಿಲಿನ ಒಂದು ಕೋಲು ಕಿಟಕಿಯಿಂದ ನೇರವಾಗಿ ಆ ಕಿಂಡಿಗೆ ಬೀಳುತ್ತಿತ್ತು. ಸಿಲಿಕಾನ್ ಅಲ್ವಾ, ಅದು ಸೋಲಾರ್ ಸೆಲ್‌ನ ಅಣ್ಣತಮ್ಮ. ಬೆಳಕಿಗೂ ಮಿಡಿಯುತ್ತದೆ. ಬಾಹ್ಯಾಕಾಶದಲ್ಲಿ ಸೂರ್ಯನಿಗೆ ಕಪ್ಪು ಬಟ್ಟೆ ಹೊದಿಸಲಾಗದು. ಅದಕ್ಕೇ ಡಿಟೆಕ್ಟರಿನ ಮುಂದೆ ಬೆಳಕು ತೂರದ ತೆಳು ಹಾಳೆ ಇರುತ್ತದೆ. ದಪ್ಪವಾದರೆ ಸಣ್ಣ ಶಕ್ತಿಯ ಕಣಗಳೂ ತೂರುವುದಿಲ್ಲ, ತೆಳುವಾದರೆ ಒಂದು ಸೂಜಿಮೊನೆಯ ತೂತು ಸಾಕು ಎಲ್ಲ ಹಾಳಾಗಲು.

ಇನ್ನೊಂದು ಮೋಸ ಪಕ್ಕದಿಂದ ಬರುತ್ತದೆ. ಮುಂದಿನ ಬಾಗಿಲಿನಿಂದ ಬರುವವರನ್ನು ಎಣಿಸಲು ಕೂತಿದ್ದೀರಿ, ಗೋಡೆ ಹಾರಿ ಬಂದವರೂ ಲೆಕ್ಕಕ್ಕೆ ಸೇರುತ್ತಾರೆ. ಜಾಸ್ತಿ ಶಕ್ತಿಯ ಕಣಗಳು ಡಬ್ಬಿಯ ಗೋಡೆಯನ್ನೇ ತೂರಿ ಬರುತ್ತವೆ. ಬರೀ ಸೀಸ ಸುತ್ತಿದರೆ ಸಾಲದಾ ಅಂತ ಎಲ್ಲರೂ ಕೇಳುತ್ತಾರೆ. ಎಲೆಕ್ಟ್ರಾನ್ ಭಾರದ ಲೋಹಕ್ಕೆ ಬಡಿದರೆ ಎಕ್ಸ್-ರೇ ಹುಟ್ಟುತ್ತದೆ, ಅದೂ ತೊಂದರೆಯೇ. ಹಾಗಾಗಿ ಹೊರಗೆ ಅಲ್ಯೂಮಿನಿಯಂನಂಥ ಹಗುರ ಲೋಹ, ಒಳಗೆ ಟಂಗ್‌ಸ್ಟನ್‌ನಂಥ ಭಾರದ್ದು. ಇದರ ಮೇಲೂ, ಬಿಲ್ಲೆಗಳ ಸಾಲಿನಲ್ಲಿ ಮುಂದಿನದು, ಅದರ ಹಿಂದಿನದು ಒಟ್ಟಿಗೇ ಮಿಡಿದರೆ ಮಾತ್ರ ಎಣಿಸು ಅಂತ ಷರತ್ತು. ಗೋಡೆ ಹಾರಿ ಬಂದವರು ಎಲ್ಲ ಬಿಲ್ಲೆಗಳನ್ನೂ ಸರಿಯಾದ ಕ್ರಮದಲ್ಲಿ ತಟ್ಟುವುದು ಅಪರೂಪ.

ಮೇಲೆ ಹೋದ ಮೇಲೂ ಪರೀಕ್ಷೆ ನಿಲ್ಲುವುದಿಲ್ಲ. ವರ್ಷಗಟ್ಟಲೆ ವಿಕಿರಣ ತಿಂದು ಡಿಟೆಕ್ಟರಿಗೂ ವಯಸ್ಸಾಗುತ್ತದೆ, ಅಳತೆಗೋಲೇ ಕುಗ್ಗಿದ ಹಾಗೆ. ಒಂದು ದಾರಿ, ಗೊತ್ತಿರುವ ಮೂಲವನ್ನು ಜೊತೆಗೇ ಕಳಿಸುವುದು. ಆಸ್ಟ್ರೋಸ್ಯಾಟ್‌ನ ಎಕ್ಸ್-ರೇ ಉಪಕರಣ ಸಿ.ಝಡ್.ಟಿ.ಐ.ನಲ್ಲಿ ಚೂರು ಅಮೆರಿಸಿಯಂ ಇದೆ. ಅದರಿಂದ 60 ಸಾವಿರ ಎಲೆಕ್ಟ್ರಾನ್ ವೋಲ್ಟಿನ ಕಿರಣ ಹೊರಟಾಗ ಜೊತೆಗೆ ಒಂದು ಆಲ್ಫಾ ಕಣವೂ ಹೊರಡುತ್ತದೆ. ಆ ಆಲ್ಫಾವನ್ನು ಪಕ್ಕದ ಹರಳು ಹಿಡಿದು ‘ಈಗ ಬಂದದ್ದು ನಮ್ಮ ಮನೆಯದು’ ಅಂತ ಚೀಟಿ ಅಂಟಿಸುತ್ತದೆ. ಇನ್ನೊಂದು ದಾರಿ ಪ್ರಕೃತಿಯೇ ಕೊಟ್ಟದ್ದು. ಬೆಳಕಿನ ವೇಗಕ್ಕೆ ಹತ್ತಿರ ಓಡುವ ಪ್ರೋಟಾನ್ 0.3 ಮಿ.ಮೀ. ಸಿಲಿಕಾನ್‌ನಲ್ಲಿ ಹೆಚ್ಚಾಗಿ ಬಿಡುವುದು ಸುಮಾರು 80 ಸಾವಿರ ಎಲೆಕ್ಟ್ರಾನ್ ವೋಲ್ಟ್. ಆ ಉಬ್ಬು ಗ್ರಾಫಿನಲ್ಲಿ ಇದ್ದ ಜಾಗದಲ್ಲೇ ಇದೆಯಾ ಅಂತ ನೋಡುತ್ತಿದ್ದರೆ ಡಿಟೆಕ್ಟರಿನ ಆರೋಗ್ಯ ತಿಳಿಯುತ್ತದೆ.

ಮೂರನೆಯ ದಾರಿ, ಹಳೆಯ ಉಪಗ್ರಹದ ಜೊತೆ ಹೊಸತನ್ನು ಹೋಲಿಸಿ ನೋಡುವುದು. ಇದಕ್ಕೊಂದು ಚೆಂದದ ಘಟನೆ ಇದೆ. 2012ರ ಆಗಸ್ಟ್ 30ರಂದು ನಾಸಾದ ವಾನ್ ಅಲೆನ್ ಪ್ರೋಬ್ಸ್ ಎಂಬ ಅವಳಿ ಉಪಗ್ರಹಗಳು ಹಾರಿದವು. ಅವುಗಳಲ್ಲಿದ್ದ ‘ರೆಪ್ಟ್’ ಎಂಬ ಸಿಲಿಕಾನ್ ಟೆಲಿಸ್ಕೋಪನ್ನು ಚಾಲೂ ಮಾಡಲು ಇನ್ನೂ ಸಮಯವಿತ್ತು. ಆದರೆ ‘ಸ್ಯಾಂಪೆಕ್ಸ್’ ಎಂಬ ಹಳೆಯ ಉಪಗ್ರಹ ಅದೇ ನವೆಂಬರಿನಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಗಲಿತ್ತು. ಅದು ಇರುವಾಗಲೇ ಎರಡರ ಅಳತೆಯನ್ನೂ ತಾಳೆ ನೋಡಬೇಕು ಅಂತ ವಿಜ್ಞಾನಿಗಳು ಹಟ ಹಿಡಿದು ಮೂರೇ ದಿನಕ್ಕೆ ರೆಪ್ಟ್ ಚಾಲೂ ಮಾಡಿಸಿದರು. ಕೆಲವೇ ದಿನಗಳಲ್ಲಿ ಅವರಿಗೆ ಎರಡು ಪಟ್ಟಿಗಳ ಬದಲು ಮೂರು ಕಾಣಿಸಿತು! ಐವತ್ತು ವರ್ಷಗಳಿಂದ ಪುಸ್ತಕಗಳಲ್ಲಿ ಇದ್ದದ್ದು ಎರಡೇ. ಅವರಿಗೆ ಮೊದಲು ಬಂದ ಅನುಮಾನ ಉಪಕರಣದ ಮೇಲೆಯೇ. ಎಲ್ಲವನ್ನೂ ತಪಾಸಣೆ ಮಾಡಿದರು, ದೋಷ ಸಿಗಲಿಲ್ಲ. ಎರಡು ಉಪಗ್ರಹಗಳೂ ಒಂದೇ ಮಾತು ಹೇಳುತ್ತಿದ್ದವು. ಮೂರನೆಯ ಪಟ್ಟಿ ಸುಮಾರು ನಾಲ್ಕು ವಾರ ಇತ್ತು, ಆಮೇಲೆ ಸೂರ್ಯನಿಂದ ಬಂದ ಒಂದು ಆಘಾತದ ಅಲೆ ಅದನ್ನು ಗುಡಿಸಿಹಾಕಿತು. ತಾಳೆ ನೋಡುವ ಹಟ ಇಲ್ಲದಿದ್ದರೆ ಅದು ಹುಟ್ಟಿದ್ದೇ ಯಾರಿಗೂ ಕಾಣುತ್ತಿರಲಿಲ್ಲ. 1958ರಲ್ಲಿ ವಿಚಿತ್ರ ಅಂಕಿಗೆ ಕಾರಣ ಟ್ಯೂಬಿನೊಳಗಿತ್ತು, 2012ರಲ್ಲಿ ಅದು ಆಕಾಶದಲ್ಲೇ ಇತ್ತು. ಎರಡು ಸಲವೂ ಉತ್ತರ ಸಿಕ್ಕಿದ್ದು ಉಪಕರಣವನ್ನು ಮೊದಲು ಅನುಮಾನಿಸಿದ್ದರಿಂದ.

ಕೊನೆಗೆ, ಕಾಲೇಜಿನಲ್ಲಿ ಏನು ಮಾಡಬಹುದು? ಎರಡು ಗೈಗರ್ ಟ್ಯೂಬ್ ಸಿಕ್ಕರೆ ಸಾಕು. ಒಂದರ ಮೇಲೊಂದು ಮಲಗಿಸಿ, ಎರಡೂ ಒಟ್ಟಿಗೆ ಮಿಡಿದಾಗ ಮಾತ್ರ ಎಣಿಸುವ ಹಾಗೆ ಒಂದು ಸಣ್ಣ ಸರ್ಕ್ಯೂಟ್ ಮಾಡಿ. ಗೋಡೆಯ, ನೆಲದ ವಿಕಿರಣದ ಹೆಚ್ಚಿನ ಪಾಲು ಅಲ್ಲಿಗೇ ಸೋಸಿಹೋಗುತ್ತದೆ. ಉಳಿಯುವುದು ಹೆಚ್ಚಾಗಿ ಮ್ಯುಯಾನ್, ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದಾಗ ಹುಟ್ಟುವ ಮಕ್ಕಳು. ಸಮುದ್ರ ಮಟ್ಟದಲ್ಲಿ ಒಂದು ಚದರ ಸೆಂ.ಮೀ.ಗೆ ನಿಮಿಷಕ್ಕೆ ಸುಮಾರು ಒಂದು. ಟ್ಯೂಬುಗಳ ನಡುವೆ ಒಂದಡಿ ಅಂತರ ಕೊಟ್ಟು, ನೇರ ಮೇಲಕ್ಕೆ ಮುಖ ಮಾಡಿ ಒಂದು ಗಂಟೆ ಎಣಿಸಿ. ಆಮೇಲೆ 30, 45, 60 ಡಿಗ್ರಿ ವಾಲಿಸಿ ಎಣಿಸಿ. ವಾಲಿದ ಹಾಗೆ ಕಡಿಮೆಯಾಗುತ್ತದೆ, ಹೆಚ್ಚುಕಡಿಮೆ ಕೊಸೈನ್ ವರ್ಗದ ಪ್ರಕಾರ. ಉಪಗ್ರಹದ ಟೆಲಿಸ್ಕೋಪಿನಲ್ಲಿರುವ ಯೋಚನೆಯೇ ಇದು.

ನಿಜವಾದ ಉಪಗ್ರಹದ ಅಂಕಿ ಬೇಕಾ? ಸೂರ್ಯನನ್ನು ನೋಡುವ ನಮ್ಮ ನೌಕೆ ಆದಿತ್ಯ-ಎಲ್1ರಲ್ಲಿ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯ (ಪಿ.ಆರ್.ಎಲ್.) ಮಾಡಿದ ‘ಸ್ಟೆಪ್ಸ್’ ಎಂಬ ಕಣ ಎಣಿಸುವ ಉಪಕರಣ ಇದೆ. ಆರು ದಿಕ್ಕಿಗೆ ನೋಡುವ ಆರು ಡಿಟೆಕ್ಟರ್. ನೌಕೆ ಭೂಮಿಗೂ ಸೂರ್ಯನಿಗೂ ನಡುವಿನ ತನ್ನ ಜಾಗವಾದ ಎಲ್1 ಬಿಂದು ತಲುಪುವ ತಿಂಗಳುಗಳ ಮೊದಲೇ, 2023ರ ಸೆಪ್ಟೆಂಬರ್ 10ರಂದು, ಭೂಮಿಯಿಂದ 50,000 ಕಿ.ಮೀ. ಆಚೆ ಅದನ್ನು ಚಾಲೂ ಮಾಡಿದರು. ಆದಿತ್ಯದ ಮಾಹಿತಿ ಬೆಂಗಳೂರಿನ ಪಕ್ಕದ ಬ್ಯಾಲಾಳಿನಲ್ಲಿರುವ ಇಸ್ರೋ ಮಾಹಿತಿ ಕೇಂದ್ರದ ‘ಪ್ರದಾನ್’ ಜಾಲತಾಣದಲ್ಲಿ ಸಿಗುತ್ತದೆ. 2024ರ ಮೇ 10 ಮತ್ತು 11ರ ದೊಡ್ಡ ಸೌರ ಬಿರುಗಾಳಿಯ ದಿನಗಳನ್ನು ತೆಗೆದು ಗ್ರಾಫ್ ಹಾಕಿ ನೋಡಿ. ಅಮೆರಿಕದ ಗೋಸ್ ಉಪಗ್ರಹಗಳ ಪ್ರೋಟಾನ್ ಗ್ರಾಫೂ ಎಲ್ಲರಿಗೂ ತೆರೆದಿದೆ. ಎರಡನ್ನೂ ಒಂದರ ಕೆಳಗೊಂದು ಇಟ್ಟುಕೊಂಡು, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಅಂತ ಗುರುತು ಹಾಕಿ. ಹೊಂದದ ಜಾಗ ಕಂಡರೆ ನನಗೆ ಬರೆಯಿರಿ, ಒಟ್ಟಿಗೆ ಕೂತು ನೋಡೋಣ.

ಟ್ಯೂಬುಗಳು ಕೈಗೆ ಬಂದ ದಿನ ಬೇರೆ ಏನೂ ಮಾಡಬೇಡಿ. ಮೊದಲು ಎರಡರ ಡೆಡ್ ಟೈಮ್ ಬೇರೆ ಬೇರೆಯಾಗಿ ಅಳೆಯಿರಿ. ಒಂದು ಚೀಟಿಯಲ್ಲಿ ತಾರೀಕಿನ ಸಮೇತ ಬರೆದು ಆಯಾ ಟ್ಯೂಬಿನ ಮೈಮೇಲೇ ಅಂಟಿಸಿ.